ಉತ್ತರಭಾಗವೂ ಓದುಗರ ತಕರಾರೂ: ‘ತುಳಸಿದಳ’ದಿಂದ ‘ತುಳಸಿ’ಯವರೆಗೆ

ಜನಪ್ರಿಯ ಕಾದಂಬರಿಗಳ ಬಗೆಗೆ ಕನ್ನಡ ವಿಮರ್ಶೆ ಆಡಿರುವ ಮಾತುಗಳಲ್ಲಿ ಹೆಚ್ಚಿನವು ಆ ಕಾದಂಬರಿಗಳನ್ನು ಕುರಿತವು. ಅವನ್ನು ಓದಿದವರನ್ನು ಕುರಿತವು ತೀರ ಕಡಿಮೆ. ಓದುಗ ಎಂಬ ಶಬ್ದ ನಮ್ಮ ಲೇಖನಗಳಲ್ಲಿ ಬರುತ್ತದೆ, ನಿಜ. ಆದರೆ ಬಂದಾಗಲೆಲ್ಲ ‘ಸಾಮಾನ್ಯ’, ‘ಮುಗ್ಧ’, ‘ರಂಜನೆಯನ್ನು ಬಯಸುವ’ ಎಂಬ ಯಾವುದಾದರೊಂದು ವಿಶೇಷಣವನ್ನು ಹೊತ್ತೇ ಬರುತ್ತದೆ. ಈ ಓದುಗರು ತಾವು ಓದಿದ್ದನ್ನು ಹೇಗೆ ತೂಗಿದರು, ಯಾವುದನ್ನು ಒಪ್ಪಿದರು, ಯಾವುದನ್ನು ಬದಿಗಿಟ್ಟರು ಎಂಬ ವಿಚಾರಣೆ ನಮ್ಮ ವಿಭಾಗಗಳಲ್ಲಿ ಇನ್ನೂ ಸರಿಯಾಗಿ ಆರಂಭವಾಗಿಲ್ಲ. ಪ್ರಸ್ತುತ ಲೇಖನದ ವಸ್ತು ಹೀಗೆ ಬದಿಗಿಡಲ್ಪಟ್ಟ ಒಂದು ಪುಸ್ತಕ.

ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಲ್ಲಿ ನಮ್ಮ ಚಿಗವ್ವನ ಮನೆಯಿದೆ. ಆ ಮನೆಯ ನಡುಮನೆಯ ಗೂಡಿನಲ್ಲಿ ಪಂಚಾಂಗ, ಒಂದು ಹಳೆಯ ಪಾಕಪುಸ್ತಕ, ಮಕ್ಕಳ ಶಾಲೆಯ ಅಂಕಪಟ್ಟಿಗಳ ಜೊತೆ ಎರಡು ಕಾದಂಬರಿಗಳಿವೆ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಒಂದು, ಅದರ ಉತ್ತರಭಾಗವಾದ ‘ತುಳಸಿ’ ಇನ್ನೊಂದು. ಎರಡೂ ಕನ್ನಡಾನುವಾದಗಳು, ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮನೆಗೆ ಬಂದವು. ಮೊದಲನೆಯದರ ಬೆನ್ನು ಕಿತ್ತು, ಹಳೆಯ ಇಳಕಲ್ ಸೀರೆಯ ದಡಿಯಿಂದ ಅದಕ್ಕೆ ಹೊಲಿಗೆ ಹಾಕಲಾಗಿದೆ. ಪುಟಗಳ ಮೂಲೆಗಳು ಎಣ್ಣೆಗೈಯ ಗುರುತಿನಿಂದ ಪಾರದರ್ಶಕವಾಗಿವೆ. ಎರಡನೆಯದರ ಹೊದಿಕೆ ಸಹ ಮಾಸಿಲ್ಲ. ಒಂದು ಪುಸ್ತಕದ ಬಗ್ಗೆ ಓದುಗರು ಕೊಟ್ಟ ತೀರ್ಪನ್ನು ಇದಕ್ಕಿಂತ ನೇರವಾಗಿ ಹೇಳುವ ಸಾಕ್ಷ್ಯ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈ ಕಾದಂಬರಿಗಳ ಪರಿಚಯ ಹಿರಿಯ ಅಧ್ಯಾಪಕರಿಗೆ ಬೇಕಾಗಿಲ್ಲ. ಅನೇಕರು ಅವನ್ನು ವಿದ್ಯಾರ್ಥಿದೆಸೆಯಲ್ಲಿ ಓದಿದವರೇ, ಅನಂತರ ಓದಿಲ್ಲವೆಂದು ಹೇಳಿಕೊಂಡವರೇ. ಆದರೂ ಕಿರಿಯ ಸಂಶೋಧಕರಿಗಾಗಿ ಒಂದೆರಡು ಸಂಗತಿಗಳು. ‘ತುಳಸಿದಳ’ದ ಮೂಲ ತೆಲುಗು. ಆಸ್ತಿಯ ಆಸೆಗಾಗಿ ಪುಟ್ಟ ಹುಡುಗಿಯೊಬ್ಬಳ ಮೇಲೆ ‘ಕಾಷ್ಮೋರ’ ಎಂಬ ಕ್ಷುದ್ರಶಕ್ತಿಯನ್ನು ಪ್ರಯೋಗಿಸಲಾಗುತ್ತದೆ ಎಂಬುದು ಅದರ ಕಥಾಬೀಜ. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅವರ ನಿರ್ದೇಶನದಲ್ಲಿ ಅದು ಕನ್ನಡ ಚಲನಚಿತ್ರವೂ ಆಯಿತು. ಕಾದಂಬರಿಯ ವಿಶೇಷವಿರುವುದು ಮಾಟಮಂತ್ರದ ವರ್ಣನೆಯಲ್ಲಿ ಅಲ್ಲ, ಅದರ ಕಟ್ಟಿನಲ್ಲಿ. ಹುಡುಗಿಯ ನರಳಾಟಕ್ಕೆ ಎರಡು ವಿವರಣೆಗಳು ಕೊನೆಯವರೆಗೂ ಅಕ್ಕಪಕ್ಕದಲ್ಲಿ ನಡೆಯುತ್ತವೆ: ಒಂದು ವೈದ್ಯರದು, ಮನೋವಿಜ್ಞಾನದ್ದು, ಇನ್ನೊಂದು ಮಾಂತ್ರಿಕರದು. ಬಿಡುಗಡೆಯ ಗಳಿಗೆಯಲ್ಲಿ ಎರಡೂ ಕಡೆಯ ಪ್ರಯತ್ನಗಳು ಒಟ್ಟೊಟ್ಟಿಗೆ ಸಾಗುವುದರಿಂದ ಮಗು ಯಾವುದರಿಂದ ಉಳಿಯಿತು ಎಂಬುದನ್ನು ಓದುಗರೇ ನಿರ್ಧರಿಸಬೇಕು, ಅಥವಾ ನಿರ್ಧರಿಸದೆ ಬಿಡಬೇಕು. ‘ತುಳಸಿ’ಯಲ್ಲಿ ಈ ತಕ್ಕಡಿ ನಿಲ್ಲುವುದಿಲ್ಲ. ನನ್ನ ಓದಿನಲ್ಲಿ ಅದು ಮಾಂತ್ರಿಕತೆಯ ಕಡೆಗೆ ಬಹುಮಟ್ಟಿಗೆ ವಾಲುತ್ತದೆ. ಮೊದಲ ಕಾದಂಬರಿಯಲ್ಲಿ ಅನುಮಾನವಾಗಿದ್ದುದು ಎರಡನೆಯದರಲ್ಲಿ ಘಟನೆಯಾಗುತ್ತದೆ.

ನಾನು ಈ ಪುಸ್ತಕಗಳನ್ನು ಕಣ್ಣಿನಿಂದ ಓದುವ ಮೊದಲು ಕಿವಿಯಿಂದ ಕೇಳಿದ್ದೆ. ರಾತ್ರಿ ಊಟವಾದ ಮೇಲೆ ಚಿಗವ್ವ ಓದುತ್ತಿದ್ದಳು. ಓಣಿಯ ನಾಲ್ಕಾರು ಹೆಂಗಸರು ಶೇಂಗಾ ಸುಲಿಯುತ್ತ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೇಳುತ್ತಿದ್ದರು. ಅವರಲ್ಲಿ ಇಬ್ಬರಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮನ್ನು ಮಲಗಿಸಿದ್ದಾರೆಂಬ ನಂಬಿಕೆಯಲ್ಲಿ ಓದು ನಡೆಯುತ್ತಿತ್ತು. ಕೌದಿಯ ಒಳಗೆ ನಾವು ಎಚ್ಚರವಾಗಿದ್ದೆವು. ಸಂಶೋಧನೆಗೆ ಬಂದ ಮೇಲೆ ಆ ಹೆಂಗಸರಲ್ಲಿ ಉಳಿದವರನ್ನು ಮತ್ತೆ ಕಂಡು ಮಾತನಾಡಿದೆ. ಪುರಾಣ, ಧಾರಾವಾಹಿ, ಸಿನಿಮಾ ಎಲ್ಲ ಕಲಸಿಹೋಗಿದ್ದ ಆ ನೆನಪುಗಳಲ್ಲಿ ಎರಡನೆಯ ಪುಸ್ತಕದ ಬಗೆಗಿನ ಅಸಮಾಧಾನ ಮಾತ್ರ ಸ್ಪಷ್ಟವಾಗಿತ್ತು. ಚಿಗವ್ವನ ಮಾತು ಹೀಗಿತ್ತು: “ಮೊದಲನೇದು ಓದಿದಾಗ ಹಿತ್ತಲಕ್ಕ ಹೋಗಾಕ ಅಂಜಿಕಿ ಬರ್ತಿತ್ತು. ಎರಡನೇದು ಓದಿದಾಗ ಅದು ಕಥಿ ಅಂತ ಗೊತ್ತಾತು ನೋಡು.”

ಹೆಚ್ಚು ದೆವ್ವವಿರುವ ಪುಸ್ತಕ ಕಡಿಮೆ ಹೆದರಿಸಿತು ಎಂಬ ಈ ಮಾತು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ತ್ಸ್ವೆತಾನ್ ತೊದೊರೊವ್ ಅದ್ಭುತ ಸಾಹಿತ್ಯವನ್ನು ಕುರಿತು 1970ರಲ್ಲಿ ಪ್ರಕಟಿಸಿದ ಗ್ರಂಥವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಲಾರದು. ಲೌಕಿಕ ಕಾರಣವೋ ಅಲೌಕಿಕ ಕಾರಣವೋ ಎಂಬ ಹೊಯ್ದಾಟ ಓದುಗನಲ್ಲಿ ಇರುವಷ್ಟು ಹೊತ್ತು ಮಾತ್ರ ಆ ಪ್ರಕಾರ ಜೀವಂತವಾಗಿರುತ್ತದೆ. ಯಾವುದಾದರೊಂದು ಉತ್ತರ ಖಚಿತವಾದ ಕೂಡಲೇ ಕೃತಿ ಬೇರೊಂದು ಪ್ರಕಾರಕ್ಕೆ ಸರಿದುಬಿಡುತ್ತದೆ ಎಂಬುದು ಆತನ ವಾದ. ಚಿಗವ್ವ ತೊದೊರೊವ್‌ನನ್ನು ಓದಿಲ್ಲ. ಆದರೆ ಆ ಸರಿಯುವಿಕೆಯನ್ನು ಅವಳು ತನ್ನ ಅಂಜಿಕೆಯ ಏರಿಳಿತದಿಂದಲೇ ಗುರುತಿಸಿದ್ದಳು. ಅವಳ ಮಾತಿಗೆ ತೊದೊರೊವ್‌ನ ಮುದ್ರೆ ಬೇಕೆಂದು ನಾನು ಇದನ್ನು ಹೇಳುತ್ತಿಲ್ಲ. ಮುದ್ರೆ ಇಲ್ಲದೆ ಇಂತಹ ಮಾತುಗಳನ್ನು ಪ್ರಬಂಧದೊಳಗೆ ಸೇರಿಸಿಕೊಳ್ಳುವ ಧೈರ್ಯ ನಮಗಿಲ್ಲವೆಂಬುದನ್ನು ನೆನಪಿಸಲು ಹೇಳುತ್ತಿದ್ದೇನೆ.

ತೊದೊರೊವ್‌ನ ವಿವರಣೆ ಒಂದು ಹಂತದವರೆಗೆ ಮಾತ್ರ ನಮಗೆ ಒದಗುತ್ತದೆ. ಆತನ ಹೊಯ್ದಾಟ ಒಬ್ಬ ಒಂಟಿ ಓದುಗನ ಮನಸ್ಸಿನೊಳಗಿನದು. ಚಿಕ್ಕೇರೂರಿನ ಆ ನಡುಮನೆಯಲ್ಲಿ ಹೊಯ್ದಾಟ ಮನೆಯ ನಿತ್ಯದ ವ್ಯವಹಾರವೇ ಆಗಿತ್ತು. ಮಗುವಿಗೆ ಜ್ವರ ಬಂದರೆ ಹಿರೇಕೆರೂರಿನ ಡಾಕ್ಟರ ಹತ್ತಿರ ಒಯ್ಯುತ್ತಿದ್ದರು, ಅಲ್ಲಿ ಗುಣವಾಗದಿದ್ದರೆ ರಾಣೆಬೆನ್ನೂರಿಗೆ. ಅದೇ ದಿನ ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು, ತಾಯತ ಕಟ್ಟಿಸುತ್ತಿದ್ದರು, ದೇವಿಗೆ ಉಡಿ ತುಂಬುವ ಹರಕೆ ಹೊರುತ್ತಿದ್ದರು. ಜ್ವರ ಇಳಿದ ಮೇಲೆ ಯಾವುದರಿಂದ ಇಳಿಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಡಾಕ್ಟರ ಚೀಟಿಯನ್ನೂ ತಾಯತವನ್ನೂ ಜೋಪಾನವಾಗಿ ಇಡುತ್ತಿದ್ದರು. ‘ತುಳಸಿದಳ’ದ ಜೋಡಿ ಕಟ್ಟನ್ನು ವಿಮರ್ಶಕರು ಪತ್ತೇದಾರಿ ತಂತ್ರವೆಂದು ಕರೆಯಬಹುದು. ಆ ಕೇಳುಗರಿಗೆ ಅದು ತಮ್ಮ ಮನೆಯ ವಾಸ್ತವವಾಗಿತ್ತು. ಆಸ್ಪತ್ರೆ ಮತ್ತು ಮಂತ್ರವಾದಿ ಇಬ್ಬರನ್ನೂ ಒಳಗೊಂಡ, ಇಬ್ಬರಲ್ಲಿ ಯಾರನ್ನೂ ಪೂರ್ತಿಯಾಗಿ ನಂಬದ ಒಂದು ಸಂಸಾರದ ಸ್ಥಿತಿಯನ್ನು ಆ ಕಾದಂಬರಿ, ಲೇಖಕರ ಉದ್ದೇಶ ಏನೇ ಇರಲಿ, ಯಥಾವತ್ತಾಗಿ ಹಿಡಿದಿತ್ತು. ನಮ್ಮ ನವ್ಯ ಕಾದಂಬರಿಗಳು ನಂಬಿಕೆ ಮತ್ತು ವೈಚಾರಿಕತೆಗಳ ಸಂಘರ್ಷವನ್ನು ಚಿತ್ರಿಸಿದವು. ಅವೆರಡೂ ಒಂದೇ ಗೂಡಿನಲ್ಲಿ ಪಕ್ಕಪಕ್ಕದಲ್ಲಿರುವುದನ್ನು ಅಷ್ಟಾಗಿ ಗಮನಿಸಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಇದು ವಿವಾದಾಸ್ಪದ ಮಾತೆಂದು ಬಲ್ಲೆ.

ಚಿಗವ್ವನ ಮನೆಯ ‘ತುಳಸಿ’ಯ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಬರೆದ ಒಂದು ಸಾಲಿದೆ. ಬರೆದವರು ಯಾರೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಪುಸ್ತಕ ಓಣಿಯಲ್ಲಿ ಕೈಯಿಂದ ಕೈಗೆ ಹೋಗಿ ಬಂದದ್ದು. “ಹಂಗಾದ್ರ ಮೊದಲ ಡಾಕ್ಟ್ರು ಯಾಕ ಬಂದಿದ್ದ?” ಎಂಬುದು ಆ ಪ್ರಶ್ನೆ. ಉತ್ತರಭಾಗವೊಂದು ಪೂರ್ವಭಾಗದ ಅರ್ಥವನ್ನು ಹಿಂದಿನಿಂದ ಬದಲಿಸಿಬಿಡಬಲ್ಲದು ಎಂಬ ಮೀಮಾಂಸೆಯ ತೊಡಕು ಈ ಐದು ಶಬ್ದಗಳಲ್ಲಿದೆ. ಎರಡನೆಯ ಕಾದಂಬರಿಯ ಪ್ರಕಾರ ಕ್ಷುದ್ರಶಕ್ತಿ ನಿಜವಾಗಿದ್ದರೆ ಮೊದಲನೆಯದರಲ್ಲಿ ವೈದ್ಯರು ಪಟ್ಟ ಶ್ರಮವೆಲ್ಲ ವೇಷವಾಗಿಬಿಡುತ್ತದೆ. ಪ್ರಶ್ನೆ ಕೇಳಿದವರು ಅದನ್ನು ಒಪ್ಪಲು ಸಿದ್ಧರಿರಲಿಲ್ಲ.

ಎಲ್ಲ ಕೇಳುಗರೂ ಒಂದೇ ಅಭಿಪ್ರಾಯದವರಾಗಿದ್ದರೆಂದು ಹೇಳಿದರೆ ಸುಳ್ಳಾಗುತ್ತದೆ. ಅಕ್ಷರ ಬಾರದ ಇಬ್ಬರಲ್ಲಿ ಒಬ್ಬರು ಎರಡನೆಯ ಕಾದಂಬರಿಯೇ ಮೇಲೆಂದು ವಾದಿಸಿದರು. ಅವರ ಕಾರಣ ಬೇರೆ. ಮೊದಲನೆಯದು ಮುಗಿದಾಗ ಹುಡುಗಿ ಬದುಕಿದ್ದಳು, ಆದರೆ ಆಕೆಗೆ ಆದದ್ದೇನು ಎಂಬುದು ತೀರ್ಮಾನವಾಗಿರಲಿಲ್ಲ. ತೀರ್ಮಾನವಾಗದ ಬೇನೆ ಮತ್ತೆ ಮರಳುತ್ತದೆ. ಅದರ ಹೆಸರು ತಿಳಿದರೆ ತಾನೇ ಎದುರಿಸಲು ಸಾಧ್ಯ ಎಂಬುದು ಅವರ ವಾದ. ಆ ತಾಯಿ ತಮ್ಮದೊಂದು ಮಗುವನ್ನು ಯಾವ ವೈದ್ಯರೂ ಹೆಸರು ಹೇಳದ ಕಾಯಿಲೆಯಲ್ಲಿ ಕಳೆದುಕೊಂಡವರೆಂದು ನನಗೆ ಆಮೇಲೆ ತಿಳಿಯಿತು. ಜಾನಿಸ್ ರಾಡ್ವೆ 1984ರಲ್ಲಿ ಪ್ರಕಟಿಸಿದ, ಅಮೆರಿಕದ ಪ್ರೇಮಕಾದಂಬರಿಗಳ ಓದುಗರನ್ನು ಕುರಿತ ಅಧ್ಯಯನದಲ್ಲಿ ಕೊನೆಯ ಪುಟಗಳನ್ನು ಮೊದಲೇ ಓದಿ ಸುಖಾಂತವನ್ನು ಖಚಿತಪಡಿಸಿಕೊಳ್ಳುವ ಮಹಿಳೆಯರು ಬರುತ್ತಾರೆ. ಅದನ್ನು ಓದಿದಾಗ ನನಗೆ ಈ ತಾಯಿ ನೆನಪಾದರು. ಅಂತ್ಯವನ್ನು ತೆರೆದಿಡುವುದು ಕಲೆ ಎಂದು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ತೆರೆದ ಅಂತ್ಯವನ್ನು ಸಹಿಸಿಕೊಳ್ಳಲು ಓದುಗನ ಬದುಕಿನಲ್ಲಿಯೂ ಒಂದಿಷ್ಟು ನೆಮ್ಮದಿ ಇರಬೇಕಾಗುತ್ತದೆ ಎಂಬುದನ್ನು ಅದರ ಜೊತೆಗೆ ಬೋಧಿಸುವುದಿಲ್ಲ.

ಇಲ್ಲಿಗೆ ಬಂದಾಗ ವೈಚಾರಿಕರ ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗಲಾಗದು. ತೆಲುಗಿನಲ್ಲಿ ರಂಗನಾಯಕಮ್ಮ ‘ತುಳಸಿದಳ’ವನ್ನು ಗಾಂಜಾದ ದಮ್ಮಿಗೆ ಹೋಲಿಸಿ ಒಂದು ಇಡೀ ವಿಮರ್ಶಾಗ್ರಂಥವನ್ನೇ ಬರೆದರು. ಕರ್ನಾಟಕದಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದ್ದು ಇಡೀ ನಾಡಿನಲ್ಲಿ ಚರ್ಚೆಗೆ ಗ್ರಾಸವಾಗಿತ್ತು. ಅಂತಹ ಚರ್ಚೆಯ ಬಿಸಿ ಆರುವ ಮೊದಲೇ ಮಾಟದ ಕಾದಂಬರಿಗಳು ಮನೆಮನೆಗೆ ಹೋದವು ಎಂಬುದು ವಿಷಾದದ ಸಂಗತಿಯೆಂದು ಹಲವರಿಗೆ ತೋರಿದ್ದು ಸಹಜ. ಮಾಟ ಮಾಡಿಸಿದಳೆಂಬ ಆರೋಪ ನಮ್ಮ ಹಳ್ಳಿಗಳಲ್ಲಿ ಯಾರ ಮೇಲೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು: ಗಂಡ ಸತ್ತವಳ ಮೇಲೆ, ಮಕ್ಕಳಿಲ್ಲದವಳ ಮೇಲೆ, ಒಂಟಿಯಾಗಿ ಬದುಕುವ ಮುದುಕಿಯ ಮೇಲೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರಗಳನ್ನು ತಡೆಯಲು ಕರ್ನಾಟಕ 2017ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು.

ಈ ಆಕ್ಷೇಪಕ್ಕೆ ನನ್ನ ಸಾಮಗ್ರಿಯಲ್ಲಿಯೇ ಒಂದು ಸಮರ್ಥನೆಯಿದೆ; ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾಷ್ಮೋರ ಎಂಬ ಹೆಸರು ನಮ್ಮ ಓಣಿಯ ದೆವ್ವಗಳಲ್ಲಿ ಇರಲಿಲ್ಲ. ಕಾದಂಬರಿಯ ಓದು ನಡೆದ ಮೇಲೆ ಬಂತು. ಒಮ್ಮೆ ಮಗುವೊಂದು ಜ್ವರದ ಸನ್ನಿಯಲ್ಲಿ ಕನವರಿಸಿದಾಗ ಯಾರೋ ಈ ಹೆಸರನ್ನು ಎತ್ತಿದರಂತೆ, ಕೆಲವು ದಿನ ಓಣಿಯ ತುದಿಯ ಮನೆಯ ಒಬ್ಬ ಮುದುಕಿಯ ಕೈಯಿಂದ ಯಾರೂ ಮಜ್ಜಿಗೆ ಇಸಿದುಕೊಳ್ಳಲಿಲ್ಲವಂತೆ. ಇದನ್ನು ಹೇಳುವಾಗ ಚಿಗವ್ವ ದನಿ ತಗ್ಗಿಸಿದಳು. ಆ ಮುದುಕಿಯೂ ಮೊದಲು ಓದು ಕೇಳಲು ಬರುತ್ತಿದ್ದವಳೇ, ಆಮೇಲೆ ಬರಲಿಲ್ಲ. ಓದುಗರು ಮುಗ್ಧರಲ್ಲ, ಅವರೂ ವಿಮರ್ಶಕರೇ ಎಂದು ಉತ್ಸಾಹದಿಂದ ಬರೆಯುವ ನನ್ನಂಥವರು ಈ ಮಜ್ಜಿಗೆಯ ಸಂಗತಿಗೆ ಉತ್ತರ ಕೊಡಬೇಕಾಗುತ್ತದೆ. ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಇಷ್ಟನ್ನು ಹೇಳಬಲ್ಲೆ: ಕಥೆಯೊಳಗಿನ ಅನುಮಾನವನ್ನು ಅಷ್ಟು ನಾಜೂಕಾಗಿ ತೂಗಿದ ಹೆಂಗಸರೇ ಓಣಿಯೊಳಗಿನ ಅನುಮಾನವನ್ನು ಹಾಗೆ ತೂಗಲಿಲ್ಲ. ಓದಿನ ವಿವೇಕ ತಾನಾಗಿಯೇ ಬದುಕಿನ ವಿವೇಕವಾಗುವುದಿಲ್ಲ. ರಂಗನಾಯಕಮ್ಮನವರ ಆತಂಕವನ್ನು ನಾನು ಗೌರವಿಸುವುದು ಈ ಕಾರಣಕ್ಕೆ. ಓದುಗರ ಮಾತನ್ನು ಒಮ್ಮೆ ಕೇಳಿ ಆಮೇಲೆ ತೀರ್ಪು ಕೊಡಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ಅಲೌಕಿಕದ ಕಥೆಗೆ ಕೇಳುಗರು ತಕರಾರು ತೆಗೆಯುವುದು, ಆ ತಕರಾರಿನಿಂದಲೇ ಕಥೆ ಮುಂದುವರಿಯುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ಈ ದೃಷ್ಟಿಯಿಂದ ಮರುಓದಿಗೆ ಯೋಗ್ಯ. ಗಂಡನ ರೂಪ ತಾಳಿ ರಾತ್ರಿ ಬರುವ ನಾಗ ಮತ್ತು ಮಾನುಷ ಹೆಣ್ಣಿನ ಪ್ರೇಮದ ಆ ಕಥೆ ಎ.ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ ಜನಪದ ಕಥೆಯನ್ನು ಆಧರಿಸಿದ್ದು. ನಾಟಕದಲ್ಲಿ ಕಥೆ ಒಂದು ಸಲ ಸುಖಾಂತವಾಗಿ ಮುಗಿಯುತ್ತದೆ. ಕೇಳುತ್ತಿದ್ದ ಮನುಷ್ಯ ಒಪ್ಪುವುದಿಲ್ಲ; ರಾಣಿಗೆ ವ್ಯತ್ಯಾಸ ತಿಳಿಯಲೇ ಇಲ್ಲವೇ ಎಂಬಂತಹ ಸಂದೇಹಗಳು ಅವನಿಗೆ. ಕಥೆ ಮುಂದುವರಿದು ನಾಗ ಸಾಯುತ್ತದೆ. ಈಗ ಜ್ಯೋತಿಗಳಿಗೆ ಸಮಾಧಾನವಿಲ್ಲ. ಮತ್ತೆ ಮುಂದುವರಿದು ನಾಗಕ್ಕೆ ರಾಣಿಯ ಕೂದಲಿನಲ್ಲಿ ನೆಲೆ ಸಿಗುತ್ತದೆ. ಈ ರಚನೆಯನ್ನು ನಮ್ಮ ಪಠ್ಯಟಿಪ್ಪಣಿಗಳು ‘ಕಥೆಯೊಳಗೆ ಕಥೆಯ ತಂತ್ರ’ವೆಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ನನ್ನ ದೃಷ್ಟಿಯಲ್ಲಿ ಅದು ಓದುಗರ ಪ್ರತಿಕ್ರಿಯೆಗೆ ಕೃತಿಯೊಳಗೇ ಪೀಠ ಹಾಕಿಕೊಟ್ಟ ಅಪೂರ್ವ ಪ್ರಯೋಗ. ಅಲ್ಲಿ ಉತ್ತರಭಾಗವನ್ನು ಕೇಳಿ ಪಡೆದವರು ಕೇಳುಗರು. ‘ತುಳಸಿ’ಯ ಓದುಗರಿಗೆ ಉತ್ತರಭಾಗ ಅಚ್ಚಾಗಿ ಕೈಗೆ ಬಂತು, ಅದನ್ನು ತಿದ್ದಿಸುವ ದಾರಿ ಅವರಿಗಿರಲಿಲ್ಲ. ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಬರೆಯುವುದಷ್ಟೇ ಉಳಿಯಿತು.

ನಾನು ಪದವಿ ತರಗತಿಯಲ್ಲಿದ್ದಾಗ ವಸತಿನಿಲಯದಲ್ಲಿ ಸ್ಟೆಫನಿ ಮೆಯರ್ ಅವರ ‘ಟ್ವಿಲೈಟ್’ (2005) ಕಾದಂಬರಿಮಾಲೆಯ ಹಳೆಯ ಪ್ರತಿಗಳು ಸುತ್ತುತ್ತಿದ್ದವು. ಇಂಗ್ಲಿಷ್ ಸಲೀಸಾಗಿ ಬಾರದವರೂ ಅರ್ಧ ಊಹಿಸಿಕೊಂಡು ಓದುತ್ತಿದ್ದರು. ಎರಡನೆಯ ಕಾದಂಬರಿಯಾದ ‘ನ್ಯೂ ಮೂನ್’ (2006) ಬಂದಾಗ ಜಗತ್ತಿನಾದ್ಯಂತ ಓದುಗರು ಎರಡು ಪಂಗಡವಾಗಿ ಜಗಳವಾಡಿದ್ದು ಪ್ರಸಿದ್ಧವಾಗಿದೆ. ಕಾರಣ, ಅದರಲ್ಲಿ ನಾಯಕನಾದ ರಕ್ತಪಿಶಾಚಿ ಆರಂಭದಲ್ಲಿಯೇ ನಾಯಕಿಯನ್ನು ತೊರೆದು ಹೋಗುತ್ತಾನೆ. ಅವಳ ಶೂನ್ಯವನ್ನು ಸೂಚಿಸಲು ಲೇಖಕಿ ಅಕ್ಟೋಬರಿನಿಂದ ಜನವರಿಯವರೆಗೆ ತಿಂಗಳ ಹೆಸರುಗಳನ್ನಷ್ಟೇ ಅಚ್ಚು ಹಾಕಿಸಿ ಪುಟಗಳನ್ನು ಖಾಲಿ ಬಿಟ್ಟಿದ್ದಾರೆ. ಆ ಖಾಲಿಯಲ್ಲಿ ತೋಳವಾಗಬಲ್ಲ ಇನ್ನೊಬ್ಬ ತರುಣ ಹತ್ತಿರವಾಗುತ್ತಾನೆ. ನಮ್ಮ ವಸತಿನಿಲಯದ ಗೆಳತಿಯರಿಗೂ ಆ ಖಾಲಿ ಪುಟಗಳೇ ಹೆಚ್ಚು ನೆನಪಿನಲ್ಲಿ ಉಳಿದವು. ಅವರು ವ್ಯಾಂಪೈರನನ್ನು ರಕ್ತಪಿಶಾಚಿ ಎಂದು ಎಂದೂ ಕರೆಯಲಿಲ್ಲ. ‘ಅಂವಾ’ ಎಂದೇ ಕರೆಯುತ್ತಿದ್ದರು. ನಮ್ಮ ಪಿಶಾಚಿಗೆ ಹಸಿವಿದೆ, ಸೇಡಿದೆ, ತೀರದ ಆಸೆಯೂ ಇದೆ. ತನ್ನ ಹಸಿವಿಗೆ ತಾನೇ ನಾಚುವ ಗುಣ ಅದಕ್ಕಿಲ್ಲದ ಕಾರಣ ಆ ಶಬ್ದ ಪ್ರಿಯಕರನಿಗೆ ಒಪ್ಪಲಿಲ್ಲವೇನೋ. ಯಾವ ಪ್ರಿಯಕರ ಯೋಗ್ಯ ಎಂಬ ಅವರ ಜಗಳವೂ ಯಾವ ಲೋಕ ನಿಜ ಎಂಬ ಚಿಗವ್ವನ ಓಣಿಯ ಜಗಳವೂ ಬೇರೆ ಬೇರೆ. ಆದರೆ ಮೊದಲ ಪುಸ್ತಕ ಕೊಟ್ಟ ಮಾತನ್ನು ಎರಡನೆಯದು ಮುರಿಯಿತೇ ಎಂಬ ಲೆಕ್ಕಾಚಾರ ಎರಡೂ ಕಡೆ ಒಂದೇ. ಅಲ್ಲಿಯ ಓದುಗರ ಜಗಳ ಇಂದು ಪ್ರಬಂಧಗಳ, ಗ್ರಂಥಗಳ ವಸ್ತುವಾಗಿದೆ. ಇಲ್ಲಿಯದು ಗೂಡಿನಲ್ಲಿದೆ.

ನನ್ನ ಪಿಎಚ್.ಡಿ. ಪ್ರಸ್ತಾವನೆಯನ್ನು ಮೊದಲ ಸಲ ಒಂದು ಸಭೆಯಲ್ಲಿ ಮಂಡಿಸಿದಾಗ ಕೇಳಿದ ಪ್ರಶ್ನೆ ‘ಇದು ಸಾಹಿತ್ಯವೇ?’ ಎಂಬುದು. ಹಿರಿಯರೊಬ್ಬರು ಸದುದ್ದೇಶದಿಂದಲೇ ಕೇಳಿದರು. ತೆಲುಗಿನಿಂದ ಬಂದ ಅನುವಾದ ಕನ್ನಡ ಸಾಹಿತ್ಯ ಹೇಗಾಗುತ್ತದೆ ಎಂಬ ಸಂದೇಹವೂ ಅವರಿಗಿತ್ತು. ಅಂದು ನನಗೆ ಹೊಳೆಯದ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇತ್ತು. ಹಾವೇರಿ ತಾಲೂಕಿನ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಈ ಭಾಗದಲ್ಲಿ ಕನ್ನಡ ಕಾದಂಬರಿಗೆ ಓದುಗರು ಹುಟ್ಟಿದ್ದು ಅನುವಾದದ ಹೊರೆಯಿಂದ, ಅದೂ ಮುಂದೇನಾಯಿತು ಎಂಬ ಕುತೂಹಲದಿಂದ. ಗಳಗನಾಥರನ್ನು ನಾವು ಗೌರವದಿಂದ ಪಠ್ಯದಲ್ಲಿ ಇಟ್ಟಿದ್ದೇವೆ. ಅವರ ಹೊರೆಯಿಂದ ಪುಸ್ತಕ ಕೊಂಡ ಮನೆಗಳವರು ಓದಿ ಏನೆಂದರು ಎಂಬುದನ್ನು ಯಾರೂ ಬರೆದಿಡಲಿಲ್ಲ, ಆ ಪೀಳಿಗೆ ಹೋಗಿಬಿಟ್ಟಿತು. ಸಹೃದಯ ಎಂಬ ಪರಿಕಲ್ಪನೆಯನ್ನು ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಿಂದ (1953) ಕಂಠಪಾಠ ಮಾಡಿದ ನಾವು ಒಬ್ಬ ಸಹೃದಯನ ವಿಳಾಸವನ್ನೂ ಇಟ್ಟುಕೊಂಡಿಲ್ಲ.

ಈಗ ಹೋಗುತ್ತಿರುವುದು ಮುಂದಿನ ಪೀಳಿಗೆ. 1980ರ ದಶಕದಲ್ಲಿ ಧಾರಾವಾಹಿಗಳನ್ನು ಕಾದು ಓದಿದವರಿಗೆ ಇಂದು ಅರವತ್ತು, ಎಪ್ಪತ್ತು ವರ್ಷ. ‘ಸುಧಾ’, ‘ತರಂಗ’ದಂತಹ ವಾರಪತ್ರಿಕೆಗಳಿಗೆ ಓದುಗರು ಬರೆದ ಪತ್ರಗಳಲ್ಲಿ ಅಚ್ಚಾದವು ಹಳೆಯ ಸಂಚಿಕೆಗಳಲ್ಲಿವೆ, ಅವನ್ನು ಓದುಗರ ದೃಷ್ಟಿಯಿಂದ ಯಾರೂ ಸೂಚಿ ಮಾಡಿಲ್ಲ. ಸಂಶೋಧನೆಗೆಂದು ನಾನು ಹೋಗಿದ್ದ ಒಂದು ಸಣ್ಣ ಗ್ರಂಥಾಲಯದಲ್ಲಿ ಹಳೆಯ ಕಾದಂಬರಿಗಳನ್ನೂ ಎರವಲು ವಹಿಗಳನ್ನೂ ಮೂಟೆ ಕಟ್ಟಿ ಮೂಲೆಗೆ ಇಟ್ಟಿದ್ದರು. ಒಂದು ವಾರ ಬಿಟ್ಟು ಹೋಗುವಷ್ಟರಲ್ಲಿ ಮೂಟೆ ರದ್ದಿಗೆ ಹೋಗಿತ್ತು. ಅಲ್ಲಿಯವರನ್ನು ನಾನು ದೂರಲಾರೆ. ಅದು ಸಾಮಗ್ರಿಯೆಂದು ಅವರಿಗೆ ಹೇಳಬೇಕಾದವರು ನಾವು.

ಆದ್ದರಿಂದ ವಿಭಾಗಗಳ ಮುಂದೆ ನನ್ನದೊಂದು ಸಣ್ಣ ಕೋರಿಕೆ ಇದೆ. ಪ್ರತಿವರ್ಷ ಎಂ.ಎ. ವಿದ್ಯಾರ್ಥಿಗಳು ಕಿರುಪ್ರಬಂಧಕ್ಕಾಗಿ ತಮ್ಮ ಊರಿನ ಜನಪದ ಗೀತೆಗಳನ್ನು, ಗಾದೆಗಳನ್ನು ಸಂಗ್ರಹಿಸಿ ತರುತ್ತಾರೆ. ಅದೇ ಮನೆಗೆ, ಅದೇ ಅಜ್ಜಿಯ ಹತ್ತಿರ ಹೋದಾಗ ನೀವು ಯಾವ ಕಾದಂಬರಿ ಓದಿದಿರಿ, ಯಾರು ಓದಿ ಹೇಳಿದರು, ಯಾವುದನ್ನು ಅರ್ಧಕ್ಕೆ ಬಿಟ್ಟಿರಿ ಎಂದೂ ಕೇಳಿ ಬರೆದುಕೊಂಡು ಬರಲಿ. ಪುಸ್ತಕ ಮನೆಯಲ್ಲಿದ್ದರೆ ಅದರ ಅಂಚಿನ ಬರಹಗಳ ಚಿತ್ರ ತೆಗೆದುಕೊಂಡು ಬರಲಿ. ಹಾಡು ಕೇಳಿದಾಗ ಸಂಕೋಚಪಡುವ ಅಜ್ಜಿಯರು ಈ ಪ್ರಶ್ನೆಗೆ ನಗುತ್ತಾರೆ, ಆಮೇಲೆ ನಿಲ್ಲಿಸದೆ ಮಾತನಾಡುತ್ತಾರೆ. ಚಿಗವ್ವನ ಓಣಿಯಲ್ಲಿ ಇನ್ನು ನಾಲ್ವರು ಉಳಿದಿದ್ದಾರೆ. ಓಣಿಯ ತುದಿಯ ಆ ಮುದುಕಿ ತೀರಿಕೊಂಡು ಬಹಳ ವರ್ಷಗಳಾದವು. ಎರಡನೆಯ ಪುಸ್ತಕವನ್ನು ಅವಳಿಗೆ ಯಾರೂ ಓದಿ ಹೇಳಲಿಲ್ಲ.